‘ನಾರ್ಮಲ್’ ಎಂಬ ಮಾತಿನ ಜೊತೆ ಒಂದು ನೌಕರಿ

ಹೆರಿಗೆ ಕೋಣೆಯಲ್ಲೇ ಕೂದಲು ಬೆಳ್ಳಗಾದ ನರ್ಸ್ ನಾನು. ನೌಕರಿಯಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ‘ತಿಣಕವ್ವ, ಇನ್ನೊಮ್ಮೆ ತಿಣಕು’ ಎಂದಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಅಫಜಲಪುರದಲ್ಲಿ ಆಡಿದ್ದು, ಆಳಂದದಲ್ಲಿ ಆಡಿದ್ದು, ಜೇವರ್ಗಿಯಲ್ಲಿ ಆಡಿದ್ದು ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಮಾತು: ನಾರ್ಮಲ್. ಬಿಪಿ ನಾರ್ಮಲ್, ಕೂಸಿನ ಎದೆಬಡಿತ ನಾರ್ಮಲ್, ಹೆರಿಗೆ ನಾರ್ಮಲ್, ಇವೆಲ್ಲ ನಾರ್ಮಲ್ ಬಿಡವ್ವ, ಮನೆಗೆ ಹೋಗು. ಉಪ್ಪು ಹಾಕಿದಷ್ಟು ಸಲೀಸಾಗಿ ಆ ಮಾತನ್ನು ಎಲ್ಲದಕ್ಕೂ ಹಾಕಿದ್ದೇವೆ.

ಹೊಸದಾಗಿ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ವರ್ಗಾವಣೆಗೆ ಯಾರ ಬಾಗಿಲು ಕಾದೆ ಎಂಬುದನ್ನೆಲ್ಲ ಬಿಡುತ್ತೇನೆ. ಅದು ಎಲ್ಲರ ನೌಕರಿಯಲ್ಲೂ ಒಂದೇ ಥರ ಇರುತ್ತದೆ, ಕೇಳಿದವರಿಗೆ ಆಕಳಿಕೆ ಬರುತ್ತದೆ. ನಾನು ಹೇಳಬೇಕಾದ್ದು ಈ ಒಂದು ಇಂಗ್ಲಿಷ್ ಮಾತಿನ ಬಗ್ಗೆ. ಅದರ ಹುಟ್ಟು ಎಲ್ಲಿ, ಅರ್ಥ ಏನು ಎಂದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ಅದಕ್ಕೂ ಕೆಲವು ವರ್ಷ ಮೊದಲು, ಯಡ್ರಾಮಿ ಕಡೆಯ ಒಬ್ಬ ಬಸುರಿ ಹೆಣ್ಣುಮಗಳ ಜೀವ ಇದೇ ಮಾತಿಗೆ ಸಿಕ್ಕಿಕೊಂಡು ಹೋಗುವುದರಲ್ಲಿತ್ತು. ಅವಳ ಹೆಸರು ಸಾವಿತ್ರಿ. ಅವಳ ಕಥೆಗೇ ನಾನು ಬರಬೇಕಾದ್ದು, ಆದರೆ ಮೊದಲು ಮಾತಿನ ಸುದ್ದಿ.

ನಿವೃತ್ತಿಯಾದ ಮರುವರ್ಷ ತರಬೇತಿಯಲ್ಲಿದ್ದ ಹುಡುಗಿಯರ ಮುಂದೆ ಒಂದು ದಿನ ಮಾತಾಡಲು ಕರೆದಿದ್ದರು. ಹೆರಿಗೆ ಬಗ್ಗೆ ಎರಡು ತಾಸು ಜೋರಾಗಿಯೇ ಹೇಳಿದೆ. ಕೊನೆಗೆ ಪ್ರಶ್ನೆ ಕೇಳಿ ಎಂದೆ. ಜಿಡಗಾ ಊರಿನ ಒಬ್ಬ ಹುಡುಗಿ ಎದ್ದು ನಿಂತಳು.

“ಮೇಡಂ, ನಾರ್ಮಲ್ ಅಂದ್ರ ಕನ್ನಡದಾಗ ಏನಂತ ಹೇಳಬೇಕ್ರಿ? ನಮ್ಮ ಅಜ್ಜಿ ಕೇಳಿದ್ಲು. ನನಗ ಹೇಳಾಕ ಬರಲಿಲ್ಲ.”

ಇಷ್ಟೇ ತಾನೆ ಎಂದು ಬಾಯಿ ತೆರೆದೆ. ‘ಸಾಮಾನ್ಯ’ ಎನ್ನಲು ಹೊರಟು ನಿಂತೆ. ‘ಸಹಜ’ ಎನ್ನಲು ಹೊರಟು ಮತ್ತೆ ನಿಂತೆ. ‘ಎಲ್ಲ ಸರಿ ಇದೆ’ ಅಂತ ಹೇಳಬೇಕೆನಿಸಿತು. ಅಷ್ಟರಲ್ಲಿ ಗೊತ್ತಾಯಿತು, ಇವು ಮೂರೂ ಬೇರೆ ಬೇರೆ. ಸಾಮಾನ್ಯ ಅಂದರೆ ನಾಕು ಮಂದಿಯಲ್ಲಿ ಇರುವಂಥದ್ದು. ಸಹಜ ಅಂದರೆ ಹುಟ್ಟಿನಿಂದ ಬಂದದ್ದು. ಸರಿ ಅಂದರೆ ಇರಬೇಕಾದ ಹಾಗೆ ಇರುವುದು. ನಾಕು ಮಂದಿಯಲ್ಲಿ ಇರುವುದೆಲ್ಲ ಸರಿ ಎಂದು ಯಾರು ಹೇಳಿದರು? ಊರಿಗೆ ಊರೇ ವಾಂತಿಭೇದಿಯಲ್ಲಿ ಬಿದ್ದರೆ ಅದು ಆ ವಾರ ಸಾಮಾನ್ಯವೇ. ನಾನು ಇಷ್ಟು ವರ್ಷ ಹೆಣ್ಣುಮಕ್ಕಳಿಗೆ ನಾರ್ಮಲ್ ಎಂದು ಹೇಳಿದಾಗ ಈ ಮೂರರಲ್ಲಿ ಯಾವುದನ್ನು ಹೇಳಿದೆ ಎಂದು ನನಗೇ ತಿಳಿಯಲಿಲ್ಲ. ಆ ಹುಡುಗಿಗೆ ಏನೋ ಗೊಣಗಿ, ನೀರು ಕುಡಿದು ಕೂತೆ.

ನನ್ನ ತಂಗಿಯ ಮಗಳು ಪೂರ್ಣಿಮಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅವಳ ಮನೆಯಲ್ಲಿ ದಿಂಬಿನಷ್ಟು ದಪ್ಪದ ನಿಘಂಟುಗಳಿವೆ. ಮರುದಿನವೇ ಹೋದೆ. “ದೊಡ್ಡವ್ವಾ, ರಿಟೈರ್ ಆದ ಮ್ಯಾಲ ಅಭ್ಯಾಸ ಮಾಡಾಕತ್ತೀಯೇನು?” ಎಂದು ನಕ್ಕಳು. ಪುಟ ತಿರುವಿ ಓದುತ್ತ ಓದುತ್ತ ಅವಳ ನಗೆ ನಿಂತಿತು.

“ಇದು ದವಾಖಾನಿ ಶಬ್ದ ಅಲ್ಲ ದೊಡ್ಡವ್ವಾ. ಬಡಿಗೇರ ಶಬ್ದ. ಲ್ಯಾಟಿನ್ ಭಾಷಾದಾಗ ‘ನಾರ್ಮಾ’ ಅಂದ್ರ ಮೂಲಮಟ್ಟ. ಅಜ್ಜನ ಹಂತ್ಯಾಕ ಇತ್ತಲ್ಲ, ಎರಡು ಪಟ್ಟಿ ಮೂಲಿಗಿ ಕೂಡಿಸಿದ್ದು, ಅದು.”

ಅಜ್ಜ ಎಂದರೆ ನಮ್ಮಪ್ಪ. ಆಳಂದದಲ್ಲಿ ಬಡಿಗತನ ಮಾಡುತ್ತಿದ್ದ. ಬಾಗಿಲು, ಚೌಕಟ್ಟು, ತೊಟ್ಟಿಲು, ಕುಂಟೆ, ಎಲ್ಲ ಅವನ ಕೈಯವೇ. ಮೂಲಮಟ್ಟಕ್ಕೆ ಅವನು ಗಡಿಯಾಚೆಯ ಮರಾಠಿ ಬಡಗಿಗಳಂತೆ ಗುಣ್ಯಾ ಎನ್ನುತ್ತಿದ್ದ. ಆ ಗುಣ್ಯಾವನ್ನು ನಾವು ಮಕ್ಕಳು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ನಾನು ಜೀವನವಿಡೀ ಬಾಯಲ್ಲಿ ಇಟ್ಟುಕೊಂಡು ಓಡಾಡಿದ ಮಾತು ನಮ್ಮಪ್ಪನ ಗೂಟಕ್ಕೆ ನೇತುಬಿದ್ದಿದ್ದ ಸಾಮಾನು ಎಂದು ಅಂದು ತಿಳಿಯಿತು.

ಪೂರ್ಣಿಮಾ ಮುಂದೆ ಓದಿದಳು. ನಾರ್ಮಲ್ ಅಂದರೆ ಮೊದಲು ಗುಣ್ಯಾಕ್ಕೆ ಸರಿಹೊಂದಿದ್ದು, ನೆಟ್ಟಗೆ ಲಂಬಕೋನಕ್ಕೆ ನಿಂತದ್ದು. ಗಣಿತದವರು ಇಂದಿಗೂ ಹಾಗೇ ಬಳಸುತ್ತಾರಂತೆ. ಬಹಳ ದೊಡ್ಡದಕ್ಕೆ ‘ಎನಾರ್ಮಸ್’ ಎನ್ನುತ್ತಾರಲ್ಲ, ಅದರ ಹೊಟ್ಟೆಯಲ್ಲೂ ಇದೇ ಗುಣ್ಯಾ ಇದೆ, ಗುಣ್ಯಾದ ಹದ್ದು ಮೀರಿದ್ದು ಎಂದು ಅರ್ಥ. ಆಮೇಲೆ ಮಾಸ್ತರರನ್ನು ತಯಾರು ಮಾಡುವ ಶಾಲೆಗೆ ಫ್ರೆಂಚರು ಈ ಹೆಸರಿಟ್ಟರು, ಶಾಲೆಗಳು ಹೇಗಿರಬೇಕು ಎಂಬ ಅಳತೆ ಅಲ್ಲಿ ಸಿಗಲಿ ಎಂದು. ನಮ್ಮ ಕಡೆ ಹಳಬರು ‘ಅವರು ನಾರ್ಮಲ್ ಪಾಸಾದ ಮಾಸ್ತರು’ ಎನ್ನುತ್ತಿದ್ದದ್ದು ನೆನಪಾಯಿತು. ಹಾಗಾದರೆ ಉಳಿದ ಮಾಸ್ತರರು ಏನು ಎಂದು ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ‘ಎಲ್ಲರಲ್ಲಿ ಇರುವಂಥದ್ದು’ ಎಂಬ ಅರ್ಥ ಜನರ ಬಾಯಲ್ಲಿ, ಡಾಕ್ಟರರ ಬಾಯಲ್ಲಿ ಗಟ್ಟಿಯಾಗಿ ಕೂತದ್ದು ತೀರ ಈಚೆಗೆ, ಹೆಚ್ಚೆಂದರೆ ಇನ್ನೂರು ವರ್ಷದ ಮಾತು. ಇರಬೇಕಾದದ್ದರ ಅಳತೆಯಾಗಿದ್ದದ್ದು ಇದ್ದದ್ದರ ಹೆಸರಾಗಿ ಕೂತುಬಿಟ್ಟಿತು.

ನಮ್ಮಪ್ಪ ತಿಂಗಳಿಗೊಮ್ಮೆ ಆ ಗುಣ್ಯಾವನ್ನೇ ಪರೀಕ್ಷೆ ಮಾಡುತ್ತಿದ್ದ. ಹಲಗೆಯ ಅಂಚಿಗೆ ಒತ್ತಿ ಹಿಡಿದು ಒಂದು ಗೆರೆ ಎಳೆಯುವನು. ಆಮೇಲೆ ಅದನ್ನು ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಗೆರೆ. ಎರಡೂ ಗೆರೆ ಒಂದಾಗಿ ಕೂತರೆ ಗುಣ್ಯಾ ಸರಿ. ನಡುವೆ ಸಂದು ಬಿಟ್ಟರೆ ಗುಣ್ಯಾನೇ ಸೊಟ್ಟ. “ಇದು ಸೊಟ್ಟ ಇದ್ರ ಚೌಕಟ್ಟೂ ಸೊಟ್ಟ ಆಗತದ, ಬಾಗಿಲಾನೂ ಸೊಟ್ಟ ಆಗತದ. ಎರಡೂ ಸೊಟ್ಟ ಇದ್ದಿದ್ದಕ್ಕ ಒಂದಕ್ಕೊಂದು ಚಲೋ ಕೂಡತಾವ. ಊರಾಗ ಯಾರಿಗೂ ತಿಳಿಯಂಗಿಲ್ಲ” ಎನ್ನುತ್ತಿದ್ದ. ಆಗ ಅದು ನನಗೆ ಬಡಿಗತನದ ಮಾತಾಗಿತ್ತು.

ಈಗ ನೌಕರಿಗೆ ಬರೋಣ.

ನನ್ನ ಮೊದಲ ಜಾಗ ಅಫಜಲಪುರ ತಾಲೂಕಿನ ಗೊಬ್ಬೂರ ಕಡೆ. ಬೇಸಿಗೆಯಲ್ಲಿ ವಾಂತಿಭೇದಿ ಆದವರನ್ನು ಎತ್ತಿಕೊಂಡು ಬರುತ್ತಿದ್ದರು. ಒಬ್ಬ ಮುದುಕನಿಗೆ ಸಲೈನ್ ಹಚ್ಚಲು ಹೋದೆ. ಅವನ ಮಗ ಬಾಟಲಿ ಮೇಲಿನ ಹೆಸರು ಅಕ್ಷರ ಕೂಡಿಸಿ ಓದಿದ. ನಾರ್ಮಲ್ ಸಲೈನ್. ನನ್ನ ಕೈ ಹಿಡಿದು ನಿಲ್ಲಿಸಿದ.

“ನಮ್ಮಪ್ಪಗ ನಾರ್ಮಲ್ ಬ್ಯಾಡ್ರಿ ಸಿಸ್ಟರ್. ಚಲೋದು ಹಚ್ಚರಿ. ನಾವೇನು ಬಡವರಲ್ಲ.”

ಇದೇ ಚಲೋದು ಎಂದೆ. ನಂಬಲಿಲ್ಲ. ಬಸ್ಸಿನಲ್ಲಿ ನಾರ್ಮಲ್ ಇರುತ್ತದೆ, ಲಕ್ಸುರಿ ಇರುತ್ತದೆ, ದವಾಖಾನೆಯಲ್ಲೂ ಹಾಗೇ ಇರಬೇಕು, ನಾನು ಒಳ್ಳೆಯದನ್ನು ಮುಚ್ಚಿಟ್ಟಿದ್ದೇನೆ ಎಂದು ಅವನ ಲೆಕ್ಕ. ಮುದುಕನ ಕಣ್ಣು ಒಳಗೆ ಹೋಗಿವೆ, ನಾಲಿಗೆ ಒಣಗಿದೆ, ನಾವು ಇಲ್ಲಿ ಹೆಸರಿನ ಮೇಲೆ ಜಗಳ ಆಡುತ್ತಿದ್ದೇವೆ. ಕೊನೆಗೆ ನಮ್ಮ ಹಿರಿಯ ಸಿಸ್ಟರ್ ಬಂದರು. ಮಾತೇ ಆಡದೆ, ಹಳದಿ ಬಣ್ಣದ ವಿಟಮಿನ್ ಔಷಧಿಯನ್ನು ಅದೇ ಬಾಟಲಿಯೊಳಗೆ ಹಾಕಿ ಅಲ್ಲಾಡಿಸಿದರು. ಬಾಟಲಿ ಅರಿಶಿನ ಬಣ್ಣಕ್ಕೆ ತಿರುಗಿತು. “ಈಗ ನೋಡ್ರಿ, ಸ್ಪೆಷಲ್” ಎಂದರು. ಮಗ ಕೈ ಮುಗಿದ. ಅಂದಿನಿಂದ ಆ ಊರಿನಲ್ಲಿ ಎಲ್ಲರೂ ಹಳದಿ ಬಾಟಲಿಯನ್ನೇ ಕೇಳತೊಡಗಿದರು. ನಾನು ಹೊಸಬಳು, ಇದೇನು ಮೋಸ ಎಂದು ದಂಗಾಗಿ ನಿಂತಿದ್ದೆ. ಸಿಸ್ಟರ್ ನನ್ನ ಕಡೆ ತಿರುಗಿ, “ನೀ ಅರ್ಥ ಹೇಳಕೋತ ನಿಂತ್ರ ಮುದುಕ ಸಾಯ್ತಿದ್ದ” ಎಂದರು. ಅದೂ ನಿಜವೇ ಆಗಿತ್ತು.

ಹೆರಿಗೆ ಕೋಣೆಯ ಹೊರಗೆ ಇದೇ ಮಾತು ಇನ್ನೊಂದು ವೇಷ ಹಾಕಿಕೊಂಡು ಕೂತಿರುತ್ತದೆ. ಇದನ್ನು ನೀವೂ ನೋಡುತ್ತೀರಿ. ಗಂಡುಕೂಸು ಎಂದು ಹೇಳಿದರೆ ಹೆರಿಗೆ ನಾರ್ಮಲ್ ಆಯಿತಾ ಎಂದು ಕೇಳುವ ನೆನಪೇ ಯಾರಿಗೂ ಇರುವುದಿಲ್ಲ. ತೂಕ ಎಷ್ಟು, ಯಾರ ಹಾಗಿದ್ದಾನೆ, ಪೇಡೆ ಎಲ್ಲಿ. ಹೆಣ್ಣುಕೂಸು ಎಂದರೆ ಪೇಡೆಯ ಮಾತು ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಯಾರಾದರೂ ಹಿರಿಯರು, “ಹೋಗ್ಲಿ ಬಿಡ್ರಿ, ನಾರ್ಮಲ್ ಆತಲ್ಲ, ಅಷ್ಟ ಸಾಕು” ಎನ್ನುತ್ತಾರೆ. ಸಮಾಧಾನದ ಬಹುಮಾನ ಕೊಟ್ಟ ಹಾಗೆ. ಮೊದಲ ಸಲ ಕೇಳಿದಾಗ ಇದು ಆ ಒಂದು ಮನೆಯ ಮಾತು ಎಂದುಕೊಂಡೆ. ಮೂರು ತಾಲೂಕು ತಿರುಗಿದ ಮೇಲೂ ಅದೇ ಮಾತು, ಅದೇ ದನಿ. ಒಮ್ಮೆ ಸಿಟ್ಟು ತಡೆಯದೆ, “ನಾರ್ಮಲ್ ಇರದಿದ್ರ ಏನು ಮಾಡ್ತಿದ್ರಿ?” ಎಂದು ಕೇಳಿದ್ದೆ. ನನ್ನ ಮೇಲೆ ದೂರು ಹೋಯಿತು.

ಮುಂದೆ ಆಳಂದ ತಾಲೂಕಿನ ಒಂದು ಆರೋಗ್ಯ ಕೇಂದ್ರಕ್ಕೆ ಬಂದೆ. ಅಲ್ಲಿನ ಡಾಕ್ಟರ್ ಸಾಹೇಬರು ಒಳ್ಳೆಯವರು, ರೋಗಿಗಳ ಮೇಲೆ ಒಮ್ಮೆಯೂ ದನಿ ಏರಿಸಿದವರಲ್ಲ, ಊಟ ಬಿಟ್ಟು ನೋಡುತ್ತಿದ್ದರು. ಅವರನ್ನು ನೆನೆದರೆ ಈಗಲೂ ಗೌರವವಿದೆ. ಆದರೆ ನನ್ನ ನೌಕರಿಯ ದೊಡ್ಡ ಆಘಾತ ನನಗೆ ಆದದ್ದು ಅವರ ಕೋಣೆಯಲ್ಲೇ.

ಆಗ ರಕ್ತದ ಬಲ, ಅಂದರೆ ಹಿಮೋಗ್ಲೋಬಿನ್, ನೋಡುವ ಪದ್ಧತಿ ಬೇರೆ ಇತ್ತು. ಈಗಿನ ಹುಡುಗಿಯರು ಅದನ್ನು ನೋಡಿರಲಿಕ್ಕಿಲ್ಲ. ಸಣ್ಣ ಪೆಟ್ಟಿಗೆಯಲ್ಲಿ ಕಂದು ಬಣ್ಣದ ಎರಡು ಗಾಜು, ನಡುವೆ ಒಂದು ಗೀಟು ಹಾಕಿದ ನಳಿಗೆ. ನಳಿಗೆಗೆ ಆಸಿಡ್ ಹಾಕಿ, ಬೆರಳಿನಿಂದ ಒಂದು ಹನಿ ರಕ್ತ ಬಿಡಬೇಕು. ಅದು ಕಂದಾಗುತ್ತದೆ. ಆಮೇಲೆ ಹನಿ ಹನಿಯಾಗಿ ನೀರು ಹಾಕುತ್ತ, ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವ ತನಕ ತಿಳಿ ಮಾಡಬೇಕು. ಹೆಚ್ಚು ನೀರು ಹಿಡಿಸಿದರೆ ಹೆಚ್ಚು ರಕ್ತ ಇದೆ ಎಂದು ಅರ್ಥ. ನಮ್ಮಲ್ಲಿ ಬರುವ ಬಸುರಿಯರಿಗೆಲ್ಲ ಹತ್ತು, ಹತ್ತೂವರೆ ಬರುತ್ತಿತ್ತು. ಬಸುರಿಗೆ ಇರಬೇಕಾದ್ದು ಹನ್ನೊಂದು, ಸನಿಹ ಇದೆ, ಪರವಾಗಿಲ್ಲ ಎನ್ನುತ್ತಿದ್ದೆವು.

ಒಂದು ದಿನ ಹೊಸ ಮಶೀನು ಬಂತು. ಪಟ್ಟಿಯ ಮೇಲೆ ಒಂದು ಹನಿ ರಕ್ತ ಇಟ್ಟರೆ ಅದೇ ಅಂಕಿ ತೋರಿಸುತ್ತದೆ. ಮೊದಲ ಹೆಣ್ಣುಮಗಳಿಗೆ ಏಳು ಬಂತು. ಎರಡನೆಯವಳಿಗೂ ಏಳು. ಮೂರನೆಯವಳಿಗೆ ಆರೂವರೆ. ಮಶೀನು ಕೆಟ್ಟಿದೆ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದೆವು. ವಾಪಸು ಕಳಿಸುವ ಮೊದಲು ಖಾತ್ರಿಗೆಂದು ಅದೇ ಮೂವರ ರಕ್ತವನ್ನು ಕಲಬುರಗಿಯ ಲ್ಯಾಬಿಗೆ ಕಳಿಸಿದೆವು. ಲ್ಯಾಬಿನವರೂ ಅದೇ ಅಂಕಿ ಹೇಳಿದರು. ಕೆಟ್ಟದ್ದು ಮಶೀನಲ್ಲ. ನಮ್ಮ ಹಳೆಯ ಪೆಟ್ಟಿಗೆ ಯಾವಾಗಲೂ ಕಿಟಕಿಯ ಹತ್ತಿರ ತೆರೆದೇ ಇರುತ್ತಿತ್ತು, ಬೆಳಕಿಗೆ ಹಿಡಿದು ಬಣ್ಣ ನೋಡಬೇಕಲ್ಲ ಎಂದು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ವರ್ಷಗಟ್ಟಲೆ ಆ ಬಿಸಿಲಿಗೆ ಕಂದು ಬಣ್ಣವೇ ತಿಳಿಯಾಗಿತ್ತು. ತಿಳಿಯಾದ ಬಣ್ಣಕ್ಕೆ ಹೊಂದಿಸಲು ಹೆಚ್ಚು ನೀರು ಬೇಕು. ಹೆಚ್ಚು ನೀರು ಎಂದರೆ ಹೆಚ್ಚು ಅಂಕಿ. ತಾಲೂಕಿನ ಆ ಇಡೀ ಮೂಲೆಯ ಹೆಣ್ಣುಮಕ್ಕಳನ್ನು ನಾವು ಬಣ್ಣಗೆಟ್ಟ ಗಾಜಿಗೆ ಹಿಡಿದು ಅಳೆದಿದ್ದೆವು. ಅಪ್ಪ ಹೇಳುತ್ತಿದ್ದ ಸೊಟ್ಟ ಗುಣ್ಯಾ ಅಂದರೆ ಇದೇ ಅಲ್ಲವೇ ಎಂದು ಈಗ ಅನಿಸುತ್ತದೆ.

ಓಡಿಹೋಗಿ ಡಾಕ್ಟರ್ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಗಾಬರಿ ಆಗಬ್ಯಾಡ್ರಿ ಸಿಸ್ಟರ್. ಏಳು ಅಂದ್ರ ಈ ಕಡಿ ಹೆಣಮಕ್ಳಿಗಿ ನಾರ್ಮಲ್ಲೇ. ಇಷ್ಟರಾಗೇ ಹಡೀತಾರ, ಹೊಲಕ್ಕ ಹೋಗ್ತಾರ, ನೋಡೀರಲ್ಲ.”

ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳಿದರು. ಅದಕ್ಕೇ ಅದು ನನ್ನನ್ನು ಹೆಚ್ಚು ಅಲ್ಲಾಡಿಸಿತು. ಗಾಜು ಬಣ್ಣ ಬಿಟ್ಟಿದ್ದರೆ ಬೇರೆ ಗಾಜು ತರಿಸಬಹುದು. ಇಷ್ಟು ಒಳ್ಳೆಯ ಮನುಷ್ಯನ ಮನಸ್ಸಿನಲ್ಲಿ ಅಳತೆಯೇ ಬಣ್ಣ ಬಿಟ್ಟಿದ್ದರೆ ಏನು ತರಿಸಬೇಕು? ಅಂದಿನಿಂದ ಮಶೀನನ್ನು ನಾನು ಚೀಲದಲ್ಲಿ ಹಾಕಿಕೊಂಡೇ ತಿರುಗಾಡಿದೆ. ಹುಚ್ಚು ಸಿಸ್ಟರ್ ಬಂದಳು, ಬೆರಳು ಮುಚ್ಚಿಕೊಳ್ಳಿ ಎಂದು ಊರ ಹೆಂಗಸರು ಚೇಷ್ಟೆ ಮಾಡುತ್ತಿದ್ದರು.

ಸಾವಿತ್ರಿಯ ಸಂಗತಿ ನಡೆದದ್ದು ನೌಕರಿಯ ಕೊನೆಯ ವರ್ಷಗಳಲ್ಲಿ, ಯಡ್ರಾಮಿ ಇನ್ನೂ ಜೇವರ್ಗಿ ತಾಲೂಕಿನಲ್ಲೇ ಇದ್ದಾಗ. ಆ ಕಡೆಗೆ ವರ್ಗವಾಗಿ ಬಂದು, ಬಸುರಿಯರನ್ನು ನೋಡಲು ಮನೆಮನೆಗೆ ಹೋಗುತ್ತಿದ್ದೆ. ಅಲ್ಲಿ ಹತ್ತಿರದ ಒಂದು ಹಳ್ಳಿ. ಹೊಲಮನೆ ಇದ್ದ ಕುಟುಂಬ, ಅಂಗಳದ ತುಂಬ ತೊಗರಿ ರಾಶಿ ಬಿದ್ದಿತ್ತು. ಅತ್ತೆ ನಿಂಗಮ್ಮ ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಮಗ ಶರಣಪ್ಪ ಚೀಲ ಹೊಲಿಯುತ್ತಿದ್ದ. ಸೊಸೆ ಸಾವಿತ್ರಿಗೆ ಚೊಚ್ಚಿಲು, ಎಂಟನೇ ತಿಂಗಳು. ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಹೆಸರು ಕೇಳಿದರೆ ಹೇಳುವಷ್ಟರಲ್ಲಿ ಎರಡು ಸಲ ಉಸಿರು ತೆಗೆದುಕೊಂಡಳು. ಪಾದ ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದೆ, ಒಳಗೆ ಕೆಂಪೇ ಇಲ್ಲ. ಬಾಯಲ್ಲೇನೋ ಇತ್ತು. ಕೇಳಿದರೆ ನಾಚಿಕೊಂಡು ಅಂಗೈಗೆ ಉಗುಳಿ ತೋರಿಸಿದಳು. ಒಲೆಯಿಂದ ಕೆರೆದ ಮಣ್ಣು. ರಕ್ತ ಕಡಿಮೆ ಇದ್ದವರಿಗೆ ಮಣ್ಣಿನ ಮೇಲೆ ಜೀವ ಹೋಗುತ್ತದೆ, ಇದನ್ನು ನೀವು ನೆನಪಿಡಬೇಕು.

ಮಶೀನು ಆರಕ್ಕಿಂತ ಕೆಳಗೆ ತೋರಿಸಿತು.

“ಇವತ್ತೇ ಕಲಬುರಗಿಗಿ ಕರಕೊಂಡು ಹೋಗಬೇಕು. ರಗತ ಏರಸಬೇಕು” ಎಂದೆ. ಶರಣಪ್ಪ ಸೂಜಿ ಕೆಳಗಿಟ್ಟು ತಾಯಿಯ ಮುಖ ನೋಡಿದ.

“ಎಂಟರಾಗ ನಡದದ್ರಿ ಸಿಸ್ಟರ್” ಎಂದಳು ನಿಂಗಮ್ಮ. “ಎಂಟರಾಗ ಬಸರಿ ಹೆಣಮಗಳು ಊರ ಸೀಮಿ ದಾಟಬಾರದು. ಏಳರಾಗ ಕುಬಸಾ ಮಾಡೇವಿ. ಒಂಬತ್ತಕ್ಕ ಬಿದ್ದ ಕೂಡ್ಲೇ ಅಕಿ ಅಣ್ಣ ಬಂದು ತವರಿಗಿ ಕರಕೊಂಡು ಹೋಗ್ತಾನ. ಆವಾಗ ಎಲ್ಲಿ ಬೇಕಾದ್ರೂ ತೋರಿಸ್ಲಿ.”

ಇದು ನಮ್ಮ ಕಡೆಯ ನೇಮ. ಕುಬಸ ಅಂದರೆ ಸೀಮಂತ. ಐದರಲ್ಲಿ ಕಳಿಸುತ್ತಾರೆ, ಏಳರಲ್ಲಿ ಕಳಿಸುತ್ತಾರೆ, ಒಂಬತ್ತರಲ್ಲಿ ಕಳಿಸುತ್ತಾರೆ. ಸರಿಸಂಖ್ಯೆಯ ತಿಂಗಳಲ್ಲಿ, ಅದರಲ್ಲೂ ಎಂಟರಲ್ಲಿ, ಹೊಸ್ತಿಲು ದಾಟಿಸಲು ಹೆದರುತ್ತಾರೆ. ಏಳರಲ್ಲಿ ಕಳಿಸಬೇಕೆಂದಿದ್ದರಂತೆ, ಸುಗ್ಗಿ ಬಂತು, ಉಳಿಸಿಕೊಂಡರು.

“ಒಂಬತ್ತರ ತನಕಾ ಅಕಿ ಇರ್ತಾಳಂತ ನಾ ಹೇಳಂಗಿಲ್ಲ” ಎಂದೆ. ಮೆತ್ತಗೆ ಹೇಳುವ ಸ್ವಭಾವ ನನ್ನದಲ್ಲ.

ನಿಂಗಮ್ಮ ಸಿಟ್ಟಾಗಲಿಲ್ಲ. ನನ್ನನ್ನೇ ಸಮಾಧಾನ ಮಾಡಲು ಹೊರಟಳು. “ದಮ್ಮು ಬರೋದು, ಚಕ್ಕರ ಬರೋದು, ಮಣ್ಣು ತಿನ್ನೋದು, ಇವೆಲ್ಲಾ ನಾರ್ಮಲ್ ಅವರಿ ಸಿಸ್ಟರ್. ನಿಮ್ಮ ದವಾಖಾನ್ಯಾಗೇ ಹೇಳ್ಯಾರ ನನಗ. ನಾ ಐದು ಹಡದೇನಿ. ಐದಕ್ಕೂ ಹಿಂಗೇ ಇದ್ದೆ.”

“ಐದೂ ಮಕ್ಳು ಎಲ್ಲೆಲ್ಲಿ ಅದಾರ?”

“ಎರಡು ಅವ.”

ಅಷ್ಟು ಹೇಳಿ ಮೊರ ಎತ್ತಿ ಮತ್ತೆ ಕೇರತೊಡಗಿದಳು. ಮೂರು ಕೂಸು ಮಣ್ಣಿಗೆ ಕೊಟ್ಟ ಹೆಣ್ಣುಮಗಳು ಅದನ್ನು ನಾರ್ಮಲ್ ಲೆಕ್ಕಕ್ಕೆ ಸೇರಿಸಿ ಹೇಳುತ್ತಿದ್ದಾಳೆ, ಆ ಮಾತನ್ನು ಅವಳಿಗೆ ಕಲಿಸಿದವರು ನಾವು. ವಾದ ಮಾಡಿ ಪ್ರಯೋಜನವಿಲ್ಲ ಎನಿಸಿತು. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

“ಕೈ ಕೊಡ್ರಿ.”

“ನಂದ್ಯಾಕರಿ? ನಾ ಬಸರಿ ಇಲ್ಲ” ಎಂದು ನಕ್ಕಳು. ಆದರೂ ಕೊಟ್ಟಳು. ಏಳಕ್ಕೂ ಕಡಿಮೆ ಬಂತು. ಶಾಲೆಯಿಂದ ಬಂದಿದ್ದ ಅವಳ ಮಗಳದು ನೋಡಿದೆ. ಎಂಟು. ಏನು ನಡೆದಿದೆ ಎಂದು ಇಣುಕಲು ಬಂದಿದ್ದ ಪಕ್ಕದ ಮನೆಯ ಇಬ್ಬರು ಹೆಂಗಸರದು ನೋಡಿದೆ. ಏಳು, ಏಳೂವರೆ. ಅಂಗಳದಲ್ಲಿ ಒಂದು ಥರ ಆಟ ಶುರುವಾದಂತಾಗಿ ಎಲ್ಲರೂ ನಗುತ್ತಿದ್ದರು. ಶರಣಪ್ಪನೂ ಎದ್ದು ಬಂದು, “ನಂದೂ ನೋಡ್ರಿ ಹಂಗಾರ” ಎಂದು ಬೆರಳು ಚಾಚಿದ.

ಹದಿಮೂರೂವರೆ.

ನಾನು ಅಂಕಿಯನ್ನು ಗಟ್ಟಿಯಾಗಿ ಓದಿದೆ. ನಗೆ ನಿಂತಿತು. ಮಶೀನನ್ನು ನಿಂಗಮ್ಮ ತನ್ನ ಕೈಗೆ ತೆಗೆದುಕೊಂಡು ನೋಡಿದಳು. ಅವಳಿಗೆ ಅಂಕಿ ಓದಲು ಬರುತ್ತಿತ್ತು.

“ಒಂದೇ ಒಲಿ, ಒಂದೇ ಗಡಗಿ” ಎಂದಳು. “ಇವಗ ಹದಿಮೂರು ಅದ. ನಮಗ ಆರು, ಏಳು. ಇದು ಹ್ಯಾಂಗರಿ?”

“ಮೊದಲ ಯಾರು ಉಣ್ಣತೀರಿ?” ಎಂದೆ.

ನಿಂಗಮ್ಮ ಮಗನ ಕಡೆ ನೋಡಿದಳು. ತಿಂಗಳು ತಿಂಗಳು ರಕ್ತ ಹೋಗುವುದು, ಹೆರಿಗೆಯಲ್ಲಿ ಹೋಗುವುದು, ಹೋದದ್ದು ತುಂಬದೆ ಉಳಿಯುವುದು, ಗಂಡಸರು ಉಂಡ ಮೇಲೆ ತಳದ ಬೇಳೆ ನೀರಿನಲ್ಲಿ ರೊಟ್ಟಿ ಅದ್ದಿ ಏಳುವುದು, ಎಲ್ಲ ಹೇಳಿದೆ. ಗಂಡಸರಿಗೂ ಹೆಂಗಸರಿಗೂ ಸ್ವಲ್ಪ ಫರಕು ಇರುತ್ತದೆ, ಅರ್ಧಕ್ಕರ್ಧ ಇರುವುದಿಲ್ಲ ಎಂದೆ. ಶರಣಪ್ಪ ತನ್ನ ಬೆರಳಿನ ಮೇಲಿನ ರಕ್ತದ ಚುಕ್ಕೆಯನ್ನು ನೋಡುತ್ತ ನಿಂತಿದ್ದ. ಅವನ ಮುಖ ಕಪ್ಪಿಟ್ಟಿತ್ತು. “ಅಕಿ ಎಂದೂ ಹೇಳಿಲ್ಲರಿ ನನಗ” ಎಂದ. ಸಾವಿತ್ರಿ ಕಂಬದ ಹತ್ತಿರದಿಂದಲೇ, “ಏನಂತ ಹೇಳಲಿ? ಎಲ್ಲಾರೂ ಹಿಂಗೇ ಅದಾರಲ್ಲ” ಎಂದಳು. ಅವಳು ಅಂದು ಆಡಿದ ಉದ್ದದ ಮಾತು ಅದೊಂದೇ.

ನಿಂಗಮ್ಮ ಮೊರ ಬದಿಗಿಟ್ಟು ಎದ್ದಳು. “ಗಾಡಿ ತರ್ಸು” ಎಂದು ಮಗನಿಗೆ ಹೇಳಿದಳು. ಎಂಟನೇ ತಿಂಗಳು ಎಂದು ಪಕ್ಕದ ಮನೆಯವಳು ಮೆಲ್ಲಗೆ ನೆನಪಿಸಿದಳು. ನಿಂಗಮ್ಮ ಅಂಗಳದ ಮೂಲೆಯಿಂದ ಒಂದು ಹಿಡಿ ಮಣ್ಣು ತೆಗೆದು, ಹಳೆಯ ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ, ಸೊಸೆಯ ಉಡಿಯಲ್ಲಿ ಇಟ್ಟು ಸಿಕ್ಕಿಸಿದಳು.

“ಊರ ಮಣ್ಣು ಉಡ್ಯಾಗ ಇದ್ರ ಸೀಮಿ ದಾಟಿದಂಗ ಆಗಂಗಿಲ್ಲ. ತಿನ್ನಬ್ಯಾಡ ಮತ್ತ ಇದನ್ನ.”

ಇಂಥ ನೇಮ ಎಲ್ಲಾದರೂ ಇದೆಯೇ ಎಂದು ಆಮೇಲೆ ಎಷ್ಟೋ ಮುದುಕಿಯರನ್ನು ಕೇಳಿದ್ದೇನೆ. ಯಾರಿಗೂ ಗೊತ್ತಿಲ್ಲ. ಅವಳು ನಿಂತ ಜಾಗದಲ್ಲೇ ಹುಟ್ಟಿಸಿದಳು ಎಂದು ನನಗೆ ಖಾತ್ರಿ ಇದೆ.

ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಡಾಕ್ಟರಮ್ಮ ಸಾವಿತ್ರಿಯನ್ನು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. ಹೃದಯ ಸೋಲುವ ಹಂತಕ್ಕೆ ಬಂದಿದೆ, ಈ ಸ್ಥಿತಿಯಲ್ಲಿ ನೋವು ಶುರುವಾಗಿದ್ದರೆ ತಾಯಿ ಕೂಸು ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು. ಶರಣಪ್ಪ ರಕ್ತ ಕೊಡಲು ಹೋದ. ಸಾವಿತ್ರಿಗೆ ರಕ್ತವನ್ನು ಬಹಳ ನಿಧಾನವಾಗಿ ಏರಿಸುತ್ತಿದ್ದರು. ನಾನು, ನಿಂಗಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಅವಳು ಬಾಟಲಿಯಿಂದ ಇಳಿಯುವ ಹನಿಗಳನ್ನು ಬಾಗಿಲಿನ ಸಂದಿಯಿಂದ ನೋಡುತ್ತಿದ್ದಳು.

“ಸಿಸ್ಟರ್, ಒಂದು ಕೇಳತೇನಿ. ಖರೇ ಹೇಳ್ರಿ. ನನ್ನ ಮೂರೂ ಹಿಂಗೇ ಹೋದ್ವೇನ್ರಿ?”

ಈ ನೌಕರಿಯಲ್ಲಿ ನನ್ನನ್ನು ಎಷ್ಟೋ ಮಂದಿ ಎಷ್ಟೋ ಕೇಳಿದ್ದಾರೆ. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಇಲ್ಲ ಎಂದರೆ ಸುಳ್ಳು. ಹೌದು ಎಂದರೆ ಇಷ್ಟು ವರ್ಷ ದೇವರ ಮೇಲೆ ಹಾಕಿದ ಭಾರವನ್ನೆಲ್ಲ ಎತ್ತಿ ಅವಳ ತಲೆಯ ಮೇಲೆ ಇಟ್ಟ ಹಾಗೆ.

“ನಾ ಆವಾಗ ನೋಡಿಲ್ಲವ್ವಾ. ಆದ್ರ ಇರಬಹುದು” ಎಂದೆ.

ಅವಳು ಅಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ನಾನು ಅವಳ ಕೈ ಹಿಡಿದುಕೊಂಡೆ. ನನಗೇ ಅಳು ಬಂತು.

ಸಾವಿತ್ರಿಯನ್ನು ಹೆರಿಗೆಯ ತನಕ ಅಲ್ಲೇ ಇಟ್ಟುಕೊಂಡರು. ತವರಿಗೆ ಹೋಗಲಿಲ್ಲ, ಅವಳ ಅಣ್ಣನೇ ಅಲ್ಲಿಗೆ ಬಂದು ಸೀರೆ ಕೊಟ್ಟು ಹೋದ. ಹೆರಿಗೆಯ ದಿನ ನಾನು ರಜೆ ಹಾಕಿ ಹೋಗಿದ್ದೆ. ನಿಂಗಮ್ಮ ಬಾಗಿಲ ಎದುರಿಗೇ ನಿಂತಿದ್ದಳು, ಕೂರು ಎಂದರೂ ಕೂರಲಿಲ್ಲ. ಒಳಗಿನಿಂದ ಕೂಸು ಅತ್ತಿತು. ಸ್ವಲ್ಪ ಹೊತ್ತಿಗೆ ಒಬ್ಬ ಹೊಸ ನರ್ಸ್ ಹುಡುಗಿ ಹೊರಗೆ ಬಂದಳು. ಅವಸರದಲ್ಲಿದ್ದಳು.

“ಹೆಣ್ಣುಕೂಸರಿ. ತಾಯಿ, ಕೂಸು ಇಬ್ರೂ ನಾರ್ಮಲ್ ಅದಾರ. ಹೆದರಬ್ಯಾಡ್ರಿ” ಎಂದು ತಿರುಗಿದಳು.

ನಿಂಗಮ್ಮ ಅವಳ ಮುಂಗೈ ಹಿಡಿದಳು. ಜೋರಾಗಿ ಹಿಡಿಯಲಿಲ್ಲ, ಆದರೆ ಬಿಡಲೂ ಇಲ್ಲ.

“ನಾರ್ಮಲ್ ಅಂತ ನನಗೂ ಮೂರು ಸಲ ಹೇಳಿದ್ರವ್ವಾ. ರಗತ ಎಷ್ಟದ, ಅದನ್ನ ಹೇಳು.”

ಹುಡುಗಿ ನನ್ನ ಮುಖ ನೋಡಿದಳು. ನಾನು ಒಳಗಿನ ಬಾಗಿಲ ಕಡೆ ಕೈ ತೋರಿಸಿದೆ. ಅವಳು ಮತ್ತೆ ಒಳಗೆ ಹೋಗಿ, ಸಾವಿತ್ರಿಯ ಬೆರಳು ಚುಚ್ಚಿ ನೋಡಿಕೊಂಡು ಬಂದು, ಅಂಕಿ ಹೇಳಿದಳು.